ವಯಸ್ಸಾದ ನಾಯಿ ನಸುಕಿನಲ್ಲಿ ಹಳದಿ ನೊರೆ ಕಕ್ಕುತ್ತಿದ್ದರೆ: ಮೊದಲ ಬೆಳಗಿನಿಂದ ರಕ್ತ ಪರೀಕ್ಷೆಯವರೆಗೆ

ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಓದುಗರು ಕೇಳುವ ಪ್ರಶ್ನೆಗಳಲ್ಲಿ ಇದೊಂದು ಮಾತ್ರ ವರ್ಷವಿಡೀ ನಿಲ್ಲುವುದಿಲ್ಲ. ನಾಯಿಗೆ ಹತ್ತು ವರ್ಷವೋ ಹನ್ನೊಂದೋ. ಸಂಜೆ ಏಳಕ್ಕೆ ಊಟ ಹಾಕಿರುತ್ತಾರೆ. ಬೆಳಗಿನ ಜಾವ ಐದು, ಐದೂವರೆಗೆ ಹೊಟ್ಟೆ ಹಿಂಡಿಕೊಂಡು ಒಂದಿಷ್ಟು ಹಳದಿ ನೊರೆ ಕಕ್ಕುತ್ತದೆ. ಆಮೇಲೆ ಏನೂ ಆಗದವರ ಹಾಗೆ ಬಾಲ ಆಡಿಸುತ್ತಾ ತಿಂಡಿಗೆ ಬಂದು ನಿಲ್ಲುತ್ತದೆ. ಮೊದಲು ತಿಂಗಳಿಗೊಮ್ಮೆ ಇದ್ದದ್ದು ಈಗ ವಾರಕ್ಕೆ ಎರಡು ಸಲ. "ಪಿತ್ತ ಇರಬೇಕು, ಗರಿಕೆ ತಿಂದರೆ ಸರಿಹೋಗುತ್ತೆ ಅಂತಾರೆ. ಹೌದಾ?"

ಪಿತ್ತ ಎನ್ನುವುದು ನಿಜ. ಸರಿಹೋಗುತ್ತದೆ ಎನ್ನುವುದನ್ನು ಮಾತ್ರ ವಯಸ್ಸಾದ ನಾಯಿಯ ವಿಷಯದಲ್ಲಿ ಹಾಗೇ ನಂಬಲು ಬರುವುದಿಲ್ಲ.

ಒಳಗೆ ನಡೆಯುವುದು ಇಷ್ಟು. ಪಿತ್ತಜನಕಾಂಗದಲ್ಲಿ, ಅಂದರೆ ಲಿವರ್‌ನಲ್ಲಿ ತಯಾರಾಗುವ ಹಳದಿ-ಹಸಿರು ಪಿತ್ತರಸ ಸಣ್ಣ ಕರುಳಿಗೆ ಇಳಿಯಬೇಕು. ಹೊಟ್ಟೆ ಬಹಳ ಹೊತ್ತು ಖಾಲಿ ಇದ್ದಾಗ ಅದು ಹಿಂದಕ್ಕೆ ಜಠರದೊಳಗೆ ನುಗ್ಗುತ್ತದೆ. ಜಠರದ ಒಳಪದರಕ್ಕೆ ಅದು ಉರಿ. ಉರಿ ತಡೆಯಲಾಗದೆ ನಾಯಿ ಕಕ್ಕುತ್ತದೆ. ರಾತ್ರಿಯ ಊಟಕ್ಕೂ ಬೆಳಗಿನ ತಿಂಡಿಗೂ ಹತ್ತು-ಹನ್ನೆರಡು ಗಂಟೆ ಅಂತರ ಇರುವುದರಿಂದ ಇದಕ್ಕೆ ನಸುಕೇ ಹೊತ್ತು. ಪಶುವೈದ್ಯರು ಬಿಲಿಯಸ್ ವಾಮಿಟಿಂಗ್ ಸಿಂಡ್ರೋಮ್ ಎನ್ನುವುದು ಇದನ್ನೇ. ಆದರೆ ಬೇರೆ ಕಾಯಿಲೆಗಳು ಇಲ್ಲವೆಂದು ಖಚಿತವಾದ ಮೇಲೆ ಕೊನೆಗೆ ಇಡುವ ಹೆಸರು ಅದು. ಮೂರು ವರ್ಷದ ನಾಯಿಗೆ ಊಟದ ಹೊತ್ತು ಬದಲಿಸಿ ಕಾದು ನೋಡಬಹುದು. ಹತ್ತು ವರ್ಷದ್ದಕ್ಕೆ ಊಟದ ಹೊತ್ತೂ ಬದಲಾಗಬೇಕು, ರಕ್ತ-ಮೂತ್ರ ಪರೀಕ್ಷೆಯೂ ಆಗಬೇಕು. ಕಿಡ್ನಿ ಸೋಲುತ್ತಿರುವ ನಾಯಿಯೂ ಬೆಳಗ್ಗೆ ಹೀಗೆಯೇ ಹಳದಿ ನೊರೆ ಕಕ್ಕುತ್ತದೆ, ನೊರೆ ನೋಡಿ ಯಾವುದು ಏನೆಂದು ಯಾರೂ ಹೇಳಲಾರರು.

ವಯಸ್ಸಾದ ನಾಯಿ ಎಂದರೆ ಎಷ್ಟು ವರ್ಷದ್ದು? ಜರ್ಮನ್ ಶೆಫರ್ಡ್, ಲ್ಯಾಬ್ರಡಾರ್‌ನಂಥ ದೊಡ್ಡ ಜಾತಿಗಳಿಗೆ ಏಳೆಂಟು ವರ್ಷಕ್ಕೇ ಮುಪ್ಪು ಶುರು. ಪಾಮೇರಿಯನ್, ಡ್ಯಾಶ್‌ಹಂಡ್, ನಮ್ಮ ನಾಟಿ ನಾಯಿಗಳಿಗೆ ಸುಮಾರು ಹತ್ತು.

ಇದನ್ನು ಓದುತ್ತಾ ಕೂರಬಾರದ ಸಂದರ್ಭಗಳು

ಕೆಳಗಿನ ಯಾವುದಾದರೂ ಒಂದು ಕಂಡರೂ ಲೇಖನ ಬದಿಗಿಟ್ಟು ಡಾಕ್ಟರ ಬಳಿ ಹೊರಡಿ.

- ಓಕರಿಸುತ್ತದೆ, ಓಕರಿಸುತ್ತದೆ, ಏನೂ ಬರುವುದಿಲ್ಲ, ಹೊಟ್ಟೆ ಉಬ್ಬಿ ಬಿಗಿಯಾಗಿದೆ, ನಿಂತಲ್ಲಿ ನಿಲ್ಲಲಾರದು. ಇದು ಜಠರ ಗಾಳಿ ತುಂಬಿ ತಿರುಚಿಕೊಂಡಿರುವ ಲಕ್ಷಣ. ಎದೆ ಆಳವಾಗಿರುವ ದೊಡ್ಡ ನಾಯಿಗಳಲ್ಲಿ, ಅದರಲ್ಲೂ ಮುದಿ ನಾಯಿಗಳಲ್ಲಿ ಹೆಚ್ಚು. ಶಸ್ತ್ರಚಿಕಿತ್ಸೆ ಆಗದಿದ್ದರೆ ಗಂಟೆಗಳಲ್ಲಿ ಪ್ರಾಣ ಹೋಗುತ್ತದೆ. "ಗ್ಯಾಸ್" ಎಂದು ಸೋಡಾ ಕುಡಿಸುವುದು, ಹೊಟ್ಟೆ ನೀವುವುದು ಯಾವುದೂ ಬೇಡ.
- ವಾಂತಿಯಲ್ಲಿ ಕೆಂಪು ರಕ್ತ, ಅಥವಾ ಕಾಫಿ ಗಸಿಯಂಥ ಕಂದು ಪುಡಿ. ಮಲ ಟಾರಿನಂತೆ ಕಪ್ಪಾಗಿ ಅಂಟುವುದು.
- ಕುಡಿದ ನೀರೂ ನಿಲ್ಲದೆ ಹೊರಗೆ ಬರುವುದು, ಅಥವಾ ಒಂದೇ ದಿನದಲ್ಲಿ ಮೂರ್ನಾಲ್ಕು ಸಲಕ್ಕಿಂತ ಹೆಚ್ಚು ವಾಂತಿ.
- ಒಸಡು ಬಿಳಿಚಿಕೊಂಡಿದೆ ಅಥವಾ ಹಳದಿ ತಿರುಗಿದೆ.
- ಸಂತಾನಹರಣ ಮಾಡಿಸದ ಹೆಣ್ಣು ನಾಯಿ, ಬೆದೆ ಮುಗಿದು ಒಂದೆರಡು ತಿಂಗಳಾಗಿದೆ, ಈಗ ವಿಪರೀತ ನೀರು ಕುಡಿಯುತ್ತಿದೆ, ಮಂಕಾಗಿದೆ. ಗರ್ಭಕೋಶದಲ್ಲಿ ಕೀವು ತುಂಬಿರಬಹುದು. ಕೀವು ಹೊರಗೆ ಕಾಣಿಸಲೇಬೇಕೆಂದಿಲ್ಲ, ಒಳಗೇ ಕಟ್ಟಿಕೊಂಡದ್ದು ಇನ್ನೂ ಅಪಾಯ.
- ತೋಟಕ್ಕೆ ಔಷಧಿ ಹೊಡೆದ ದಿನ ಜೊಲ್ಲು, ನಡುಕ, ಕಣ್ಣಲ್ಲಿ ನೀರು, ವಾಂತಿ ಒಟ್ಟಿಗೆ ಶುರುವಾಗುವುದು. ಹೊಡೆದ ಔಷಧಿಯ ಡಬ್ಬಿಯನ್ನೂ ಜೊತೆಗೆ ತೆಗೆದುಕೊಂಡು ಹೋಗಿ.
- ಇನ್ಸುಲಿನ್ ತೆಗೆದುಕೊಳ್ಳುವ ಸಕ್ಕರೆ ಕಾಯಿಲೆಯ ನಾಯಿ ವಾಂತಿ ಮಾಡಿ ಊಟ ಬಿಟ್ಟಿದೆ.

ಇನ್ನೊಂದು ಎಚ್ಚರಿಕೆ ನಾಯಿಗಲ್ಲ, ನಿಮಗೆ. ಜೊಲ್ಲು ಸುರಿಯುತ್ತಿದೆ, ದವಡೆ ಜೋತುಬಿದ್ದಿದೆ, ನುಂಗಲಾಗುತ್ತಿಲ್ಲ, ಸ್ವಭಾವ ಬದಲಾಗಿದೆ ಎಂದಾದರೆ "ಎಲುಬು ಸಿಕ್ಕಿಹಾಕಿಕೊಂಡಿರಬೇಕು" ಎಂದು ಬಾಯೊಳಗೆ ಕೈ ಹಾಕಬೇಡಿ. ಹುಚ್ಚು ನಾಯಿ ರೋಗವೂ, ಅಂದರೆ ರೇಬೀಸ್ ಕೂಡ, ಹೀಗೆಯೇ ಕಾಣುತ್ತದೆ. ಲಸಿಕೆ ತಪ್ಪಿಸಿಕೊಂಡ ನಾಯಿಯಾದರೆ ಮುಟ್ಟದೆ, ಮಕ್ಕಳನ್ನು ದೂರವಿಟ್ಟು, ಡಾಕ್ಟರಿಗೆ ಫೋನ್ ಮಾಡಿ.

ಬೇಕಾಗುವ ಸಾಮಾನು

ಒಂದು ನೋಟ್‌ಬುಕ್, ಫೋನಿನ ಕ್ಯಾಮೆರಾ, ಡಿಜಿಟಲ್ ಥರ್ಮಾಮೀಟರ್ (ಮನೆಯವರದ್ದಲ್ಲ, ನಾಯಿಗೇ ಬೇರೆ), ಅಳತೆ ಗೊತ್ತಿರುವ ನೀರಿನ ಪಾತ್ರೆ, ತೂಕದ ಯಂತ್ರ, ಮೂತ್ರ ಹಿಡಿಯಲು ಉದ್ದ ಹಿಡಿಯ ಹಳೆಯ ಸೌಟು ಮತ್ತು ಒಣಗಿದ ಸ್ವಚ್ಛ ಬಾಟಲಿ. ತೂಕಕ್ಕೆ ನಾಯಿಯನ್ನು ಎತ್ತಿಕೊಂಡು ನೀವೇ ನಿಂತು ನೋಡಿ, ಆಮೇಲೆ ನಿಮ್ಮ ತೂಕ ಕಳೆಯಿರಿ. ದೊಡ್ಡ ನಾಯಿಯಾದರೆ ಆಸ್ಪತ್ರೆಯಲ್ಲೇ ಹಾಕಿಸಿ.

1. ಅದು ವಾಂತಿ ಹೌದೋ ಅಲ್ಲವೋ ನೋಡಿ

"ವಾಂತಿ" ಎಂದು ಕರೆಸಿಕೊಳ್ಳುವುದರಲ್ಲಿ ಮೂರು ಬೇರೆ ಬೇರೆ ಸಂಗತಿಗಳಿವೆ. ಇಲ್ಲಿ ಎಡವಿದರೆ ಮುಂದಿನ ಹಂತಗಳೆಲ್ಲ ದಾರಿ ತಪ್ಪಿದ ಹಾಗೆ.

ನಿಜವಾದ ವಾಂತಿಯಲ್ಲಿ ಮೊದಲು ಚಡಪಡಿಕೆ, ತುಟಿ ನೆಕ್ಕುವುದು, ಜೊಲ್ಲು. ಆಮೇಲೆ ಹೊಟ್ಟೆಯ ಸ್ನಾಯುಗಳು ಅಲೆಅಲೆಯಾಗಿ ಹಿಂಡಿ, ಕೊನೆಗೆ ವಸ್ತು ಹೊರಗೆ ಬರುತ್ತದೆ.

ಎರಡನೆಯದು ಊಟ ಉಗುಳುವುದು. ಹೊಟ್ಟೆ ಹಿಂಡುವುದೇ ಇಲ್ಲ, ತಲೆ ತಗ್ಗಿಸಿದರೆ ಸಾಕು, ತಿಂದದ್ದು ಜೀರ್ಣವಾಗದೆ ಕೊಳವೆಯ ಆಕಾರದಲ್ಲಿ ಜಾರಿ ಬೀಳುತ್ತದೆ. ಇದು ಅನ್ನನಾಳದ ತೊಂದರೆ. ಉಗುಳಿದ್ದು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ.

ಮೂರನೆಯದು ಕೆಮ್ಮು, ಜನ ಹೆಚ್ಚು ಮೋಸ ಹೋಗುವುದು ಇಲ್ಲೇ. ಮುದಿ ಪಾಮೇರಿಯನ್, ಪಗ್‌ಗಳು ನಸುಕಿನ ಚಳಿಗೆ ಎದ್ದು "ಹಕ್ ಹಕ್" ಎಂದು ಕೆಮ್ಮಿ, ಕೊನೆಯಲ್ಲಿ ಗಂಟಲು ಕೆರೆದಂತೆ ಒಂದಿಷ್ಟು ಬಿಳಿ ನೊರೆ ಉಗುಳುತ್ತವೆ. ಇದರ ಮೂಲ ಹೃದಯದಲ್ಲಿ ಅಥವಾ ಶ್ವಾಸನಾಳದಲ್ಲಿ ಇರುತ್ತದೆ, ಹೊಟ್ಟೆಯಲ್ಲಲ್ಲ. ನಾಯಿ ಗಾಢ ನಿದ್ರೆಯಲ್ಲಿದ್ದಾಗ ಪಕ್ಕೆ ಏರಿಳಿಯುವುದನ್ನು ಒಂದು ನಿಮಿಷ ಎಣಿಸಿ. ನಿದ್ರೆಯಲ್ಲಿ ನಿಮಿಷಕ್ಕೆ 30ಕ್ಕಿಂತ ಹೆಚ್ಚು ಉಸಿರು ಮತ್ತೆ ಮತ್ತೆ ಕಂಡರೆ ಹೃದಯ ಪರೀಕ್ಷೆ ಮಾಡಿಸಲೇಬೇಕು.

ಬಾಯಲ್ಲಿ ವಿವರಿಸಲು ಹೋಗಬೇಡಿ, ವಿಡಿಯೋ ಮಾಡಿ. ಅರ್ಧ ನಿಮಿಷದ ವಿಡಿಯೋ ನೋಡಿದರೆ ಡಾಕ್ಟರಿಗೆ ಈ ಮೂರರಲ್ಲಿ ಯಾವುದೆಂದು ತಿಳಿಯುತ್ತದೆ.

2. ಬಿದ್ದದ್ದನ್ನು ಒರೆಸುವ ಮುಂಚೆ

ಒಂದು ಫೋಟೊ ತೆಗೆದುಕೊಳ್ಳಿ. ಹಳದಿ ದ್ರವ ಅಥವಾ ನೊರೆಯಷ್ಟೇ ಇದ್ದರೆ ಹೊಟ್ಟೆ ಖಾಲಿಯಾಗಿತ್ತು ಎಂದರ್ಥ. ರಾತ್ರಿ ಏಳಕ್ಕೆ ತಿಂದ ಅನ್ನ ಬೆಳಗ್ಗೆ ಐದಕ್ಕೂ ಅಗುಳು ಅಗುಳಾಗಿ ಬಂದರೆ ಅದು ಬೇರೆ ಕತೆ. ಅಷ್ಟು ಹೊತ್ತಿಗೆ ಜಠರ ಬಹುಪಾಲು ಖಾಲಿಯಾಗಿರಬೇಕಿತ್ತು. ಒಳಗೆ ಏನೋ ಅಡ್ಡ ಇದೆ ಅಥವಾ ಜಠರ ಸರಿಯಾಗಿ ಕೆಲಸ ಮಾಡುತ್ತಿಲ್ಲ. ಶ್ರೀನಿವಾಸಪುರದ ಕಡೆ ಮಾವಿನ ಕಾಲದಲ್ಲಿ ಇದಕ್ಕೆ ಸಾಮಾನ್ಯ ಕಾರಣ ನುಂಗಿದ ಮಾವಿನ ಓಟೆ. ಓಟೆ ಎಕ್ಸ್‌ರೇಯಲ್ಲಿ ಸ್ಪಷ್ಟವಾಗಿ ಕಾಣದೇ ಇರಬಹುದು, ಆದ್ದರಿಂದ ನಿಮಗೆ ಅನುಮಾನವಿದ್ದರೆ ನೀವೇ ಬಾಯಿಬಿಟ್ಟು ಹೇಳಬೇಕು.

ಹುಲ್ಲಿನ ಎಳೆಗಳಿದ್ದರೆ ಗಾಬರಿ ಬೇಡ. ಆರೋಗ್ಯವಾಗಿರುವ ನಾಯಿಗಳೂ ಹುಲ್ಲು ತಿನ್ನುತ್ತವೆ. ಹುಲ್ಲು ತಿಂದಿದೆ ಎಂದ ಮಾತ್ರಕ್ಕೆ ಹೊಟ್ಟೆ ಕೆಟ್ಟಿದೆ ಎಂದಾಗಲೀ, ತಾನೇ ಔಷಧಿ ಮಾಡಿಕೊಂಡಿತು ಎಂದಾಗಲೀ ಅಲ್ಲ. ದ್ರಾಕ್ಷಿ ತೋಟದ ಬದುವಿನ ಹುಲ್ಲು, ಟೊಮ್ಯಾಟೊ ಸಾಲಿನ ಹುಲ್ಲು ಮಾತ್ರ ಬೇಡವೇ ಬೇಡ. ಅಲ್ಲಿ ಔಷಧಿ ಹೊಡೆಯದ ವಾರವೇ ಕಡಿಮೆ.

3. ಆ ಬೆಳಗ್ಗೆ

ವಾಂತಿಯಾದ ಮೇಲೆ ಅರ್ಧ ಗಂಟೆ ಸುಮ್ಮನೆ ಬಿಡಿ. ಆಮೇಲೆ ಬೋಗುಣಿ ತುಂಬ ನೀರಿಡುವ ಬದಲು ಸ್ವಲ್ಪ ಸ್ವಲ್ಪ ಕೊಡಿ. ನೀರು ನಿಂತರೆ ಇನ್ನೊಂದು ಗಂಟೆ ಬಿಟ್ಟು ಎರಡು ಮೂರು ಚಮಚ ಮೆತ್ತಗಿನ ಅನ್ನ. ಅದೂ ನಿಂತರೆ ಉಳಿದ ತಿಂಡಿಯನ್ನು ಎರಡು ಭಾಗ ಮಾಡಿ ಕೊಡಿ.

"ವಾಂತಿ ಆಯ್ತಲ್ಲ, ಇವತ್ತು ಉಪವಾಸ ಇರಲಿ" ಎನ್ನುವ ಹಳೆಯ ಕ್ರಮ ಇಲ್ಲಿ ತಿರುಗುಬಾಣ. ಹೊಟ್ಟೆ ಖಾಲಿ ಬಿದ್ದದ್ದರಿಂದಲೇ ಆದ ವಾಂತಿಗೆ ಇನ್ನಷ್ಟು ಖಾಲಿ ಕೆಡವಿದರೆ ಮರುದಿನವೂ ನೊರೆ ಗ್ಯಾರಂಟಿ.

ನಾಯಿಯನ್ನು ಒಮ್ಮೆ ಮುಟ್ಟಿ ನೋಡಿ. ಒಸಡು ಒದ್ದೆಯಾಗಿ, ನಸುಗೆಂಪಾಗಿ ಇರಬೇಕು. ಬೆರಳಿಂದ ಒತ್ತಿ ಬಿಟ್ಟರೆ ಬಿಳಿಚಿದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪಾಗಬೇಕು. ಒಸಡು ಅಂಟಂಟಾಗಿದ್ದರೆ ಮೈಯಲ್ಲಿ ನೀರು ಕಡಿಮೆಯಾಗಿದೆ. ಭುಜದ ಮೇಲಿನ ಚರ್ಮ ಎತ್ತಿ ಬಿಟ್ಟು ನೋಡುವ ಪರೀಕ್ಷೆ ಮುದಿ ನಾಯಿಗಳಲ್ಲಿ ಅಷ್ಟು ನಂಬಿಕೆಗೆ ಬರುವುದಿಲ್ಲ, ಅವುಗಳ ಚರ್ಮ ಮೊದಲೇ ಸಡಿಲ. ಜ್ವರವನ್ನು ಮೂಗು ಮುಟ್ಟಿ ಹೇಳಲಾಗದು. ಥರ್ಮಾಮೀಟರ್ ತುದಿಗೆ ಕೊಬ್ಬರಿ ಎಣ್ಣೆ ಸವರಿ ಗುದದ್ವಾರದಲ್ಲಿ ಇಟ್ಟು ನೋಡಬೇಕು. 100ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ನಾಯಿಗೆ ಸಹಜ. ನಮ್ಮ ಲೆಕ್ಕದಲ್ಲಿ ಜ್ವರ ಎನಿಸುವುದು ಅದಕ್ಕೆ ಜ್ವರವಲ್ಲ.

ಮನೆಯ ಔಷಧಿ ಡಬ್ಬಿಗೆ ಕೈ ಹಾಕಬೇಡಿ. ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ನಾಯಿಗಳ ಲಿವರ್, ಜಠರ, ಕಿಡ್ನಿ ಹಾಳು ಮಾಡುವ ಮಾತ್ರೆಗಳು. ಈನೋ, ಉಪ್ಪು ನೀರು, ಹರಳೆಣ್ಣೆ ಯಾವುದೂ ಬೇಡ. ನಾಯಿಗೆ ಬಲವಂತವಾಗಿ ಬಾಯಿಗೆ ಸುರಿದದ್ದು ಶ್ವಾಸಕೋಶಕ್ಕೆ ಹೋಗುವ ಅಪಾಯ ಎಲ್ಲಕ್ಕಿಂತ ದೊಡ್ಡದು. ಹುಳದ ಮಾತ್ರೆಯನ್ನೂ ಅವತ್ತೇ ನುಂಗಿಸಲು ಹೋಗಬೇಡಿ. ಮುದಿ ನಾಯಿಯ ನಸುಕಿನ ವಾಂತಿಗೆ ಹುಳ ಕಾರಣವಾಗಿರುವುದು ಅಪರೂಪ.

4. ಎರಡು ವಾರದ ಲೆಕ್ಕ ಬರೆಯಿರಿ

ಬೇಸರದ ಕೆಲಸ, ಆದರೆ ಡಾಕ್ಟರಿಗೆ ಇದರಷ್ಟು ಉಪಯೋಗಕ್ಕೆ ಬರುವುದು ಇನ್ನೊಂದಿಲ್ಲ. ರಾತ್ರಿ ಕೊನೆಯ ತುತ್ತು ಎಷ್ಟು ಹೊತ್ತಿಗೆ, ವಾಂತಿ ಎಷ್ಟು ಹೊತ್ತಿಗೆ, ಏನು ಬಿತ್ತು, ಆಮೇಲೆ ತಿಂದಿತೇ, ಮಲ ಹೇಗಿತ್ತು, ಅವತ್ತು ಯಾವ ಮಾತ್ರೆ ನುಂಗಿತ್ತು. ಅಷ್ಟೇ ಸಾಕು, ಉದ್ದ ವರ್ಣನೆ ಬೇಡ.

ಇದರ ಜೊತೆಗೆ ಒಂದೆರಡು ದಿನ ನೀರನ್ನೂ ಅಳೆಯಿರಿ. ಬೆಳಗ್ಗೆ ಅಳೆದು ತುಂಬಿಸಿ, ಮರುದಿನ ಅದೇ ಹೊತ್ತಿಗೆ ಉಳಿದದ್ದನ್ನು ಅಳೆದು ಕಳೆಯಿರಿ. ದಿನಕ್ಕೆ ಪ್ರತಿ ಕೆ.ಜಿ. ತೂಕಕ್ಕೆ 100 ಮಿ.ಲೀ. ದಾಟಿದರೆ ವಿಪರೀತ ಎಂದೇ ಲೆಕ್ಕ. ಹತ್ತು ಕೆ.ಜಿ. ನಾಯಿ ಲೀಟರಿಗಿಂತ ಹೆಚ್ಚು ಕುಡಿಯುತ್ತಿದ್ದರೆ ಕಿಡ್ನಿ, ಸಕ್ಕರೆ ಕಾಯಿಲೆ, ಗರ್ಭಕೋಶದ ಕೀವು, ಹಾರ್ಮೋನ್ ತೊಂದರೆ ಇವುಗಳಲ್ಲಿ ಒಂದನ್ನು ಹುಡುಕಬೇಕಾಗುತ್ತದೆ. ತೋಟದ ತೊಟ್ಟಿಯಲ್ಲಿ, ಹನಿ ನೀರಾವರಿ ಪೈಪಿನ ಬುಡದಲ್ಲಿ ಕುಡಿಯುವ ನಾಯಿಯನ್ನು ಆ ಒಂದು ದಿನ ಕಟ್ಟಿಹಾಕದಿದ್ದರೆ ಅಳತೆಗೆ ಅರ್ಥವಿಲ್ಲ.

ನೋಟ್‌ಬುಕ್‌ನಲ್ಲಿ ಮಾತ್ರೆಯ ಕಾಲಂ ಏಕೆ ಎಂದರೆ, ವಯಸ್ಸಾದ ನಾಯಿಗಳಲ್ಲಿ ಬಹಳಷ್ಟು ಕೀಲು ನೋವಿಗೆ ಮೆಲಾಕ್ಸಿಕ್ಯಾಮ್‌ನಂಥ ಮಾತ್ರೆ ನುಂಗುತ್ತಿರುತ್ತವೆ. ಆ ಮಾತ್ರೆ ಶುರುವಾದ ಮೇಲೆ ವಾಂತಿಯೂ ಶುರುವಾಗಿದ್ದರೆ ಮುಂದಿನ ಡೋಸ್ ಕೊಡುವ ಮುಂಚೆ ಡಾಕ್ಟರಿಗೆ ಫೋನ್ ಮಾಡಿ, ಜಠರದಲ್ಲಿ ಹುಣ್ಣಾಗುತ್ತಿರಬಹುದು. ಒಬ್ಬರು ನೋವಿಗೆ ಕೊಟ್ಟ ಮಾತ್ರೆ, ಇನ್ನೊಬ್ಬರು ತುರಿಕೆಗೆ ಕೊಟ್ಟ ಪ್ರೆಡ್ನಿಸೋಲೋನ್, ಎರಡೂ ಒಟ್ಟಿಗೆ ಹೋಗುತ್ತಿದ್ದರಂತೂ ತಡಮಾಡಬೇಡಿ. ಉಣ್ಣೆ ಜ್ವರಕ್ಕೆ ಕೊಡುವ ಡಾಕ್ಸಿಸೈಕ್ಲಿನ್ ಕೂಡ ಖಾಲಿ ಹೊಟ್ಟೆಯಲ್ಲಿ ಕೊಟ್ಟರೆ ವಾಂತಿ ಬರಿಸುತ್ತದೆ. ಊಟದ ಜೊತೆ, ಹಿಂದೆಯೇ ನೀರು ಕುಡಿಯುವಂತೆ ಕೊಡಬೇಕು.

5. ಊಟದ ಹೊತ್ತು ಬದಲಿಸಿ

ಬರೀ ಪಿತ್ತದ ವಾಂತಿಯಾದರೆ ನಿಲ್ಲುವುದು ಈ ಹಂತದಲ್ಲೇ. ಮಾಡಬೇಕಾದ್ದು ಒಂದೇ, ರಾತ್ರಿಯ ಅಂತರವನ್ನು ಕಡಿಮೆ ಮಾಡುವುದು.

ದಿನದ ಒಟ್ಟು ಊಟ ಹೆಚ್ಚಾಗಬಾರದು, ಅದನ್ನೇ ಹಂಚಬೇಕು. ಎರಡು ಹೊತ್ತು ತಿನ್ನುವ ನಾಯಿಗೆ ನಾಲ್ಕು ಹೊತ್ತು ಮಾಡಿ: ಎದ್ದ ತಕ್ಷಣ ಒಂದಿಷ್ಟು, ಮಧ್ಯಾಹ್ನ ಒಂದಿಷ್ಟು, ಸಂಜೆ ಏಳಕ್ಕೆ ಮುಖ್ಯ ಊಟ, ಮಲಗುವ ಮುಂಚೆ ಹತ್ತು ಹತ್ತೂವರೆಗೆ ಕೊನೆಯದು. ಈ ಕೊನೆಯದಕ್ಕೆ ದಿನದ ಪಾಲಿನಲ್ಲಿ ಐದನೇ ಒಂದು ಭಾಗ ಸಾಕು. ಅಷ್ಟರಿಂದಲೇ ಜಠರ ಮತ್ತು ಕರುಳು ಮುಂದಕ್ಕೆ ತಳ್ಳುವ ಕೆಲಸದಲ್ಲಿ ತೊಡಗಿರುತ್ತವೆ, ಪಿತ್ತ ಹಿಂದಕ್ಕೆ ಬರುವುದು ತಪ್ಪುತ್ತದೆ. ಬೆಳಗ್ಗೆ ವಾಕಿಂಗ್ ಮುಗಿಸಿ ಬಂದು ಎಂಟಕ್ಕೆ ತಿಂಡಿ ಹಾಕುವ ಮನೆಗಳಲ್ಲಿ ಆ ಕ್ರಮವೂ ಬದಲಾಗಬೇಕು. ಮೊದಲು ಎರಡು ತುತ್ತು, ಆಮೇಲೆ ವಾಕಿಂಗ್.

ಹಳ್ಳಿ ಕಡೆ ಒಂಬತ್ತಕ್ಕೆ ಮನೆಯವರೆಲ್ಲ ಮಲಗಿರುತ್ತಾರೆ, ಹತ್ತೂವರೆಗೆ ಎದ್ದು ನಾಯಿಗೆ ಬಡಿಸುವವರು ಯಾರು ಎಂದು ಕೇಳುತ್ತೀರಿ, ಗೊತ್ತು. ಸಂಜೆಯ ಊಟವನ್ನು ಏಳರಿಂದ ಎಂಟೂವರೆಗೆ ತಳ್ಳಿ, ಬೆಳಗ್ಗೆ ಹಾಲು ಕರೆಯಲು ನಾಲ್ಕೂವರೆಗೆ ಏಳುವವರು ಆಗಲೇ ಎರಡು ತುತ್ತು ಹಾಕಿ. ಎರಡು ಕಡೆಯಿಂದಲೂ ಕತ್ತರಿಸಿದರೆ ಅಂತರ ಎಂಟು ಗಂಟೆಗೆ ಇಳಿಯುತ್ತದೆ.

ಏನು ಕೊಡಬೇಕು? ಮೆತ್ತಗೆ ಬೇಯಿಸಿದ ಅನ್ನ, ಚರ್ಮ ತೆಗೆದು ನೀರಲ್ಲೇ ಬೇಯಿಸಿದ ಕೋಳಿ, ಬೇಯಿಸಿದ ಸಿಹಿಗುಂಬಳ. ಡ್ರೈ ಫುಡ್ ತಿನ್ನುವ ನಾಯಿಗೆ ಅದನ್ನೇ ನೆನೆಸಿ ಕೊಡಬಹುದು. ಹೊಸ ಆಹಾರವನ್ನು ಹೊಸ ಹೊತ್ತಿನ ಜೊತೆ ಒಟ್ಟಿಗೆ ತರಬೇಡಿ, ಯಾವುದರಿಂದ ಏನಾಯಿತೆಂದು ತಿಳಿಯದು.

ನಮ್ಮ ಕಡೆಯ ಮನೆಗಳಲ್ಲಿ ನಾಯಿಯ ಊಟವೆಂದರೆ ಮುದ್ದೆ. ಮುದ್ದೆಯ ಮೇಲೆ ನನಗೆ ತಕರಾರಿಲ್ಲ, ಜೊತೆಗೆ ಸುರಿಯುವ ಸಾರಿನ ಮೇಲಿದೆ. ಬಸ್ಸಾರಾಗಲಿ, ಕೋಳಿ ಸಾರಾಗಲಿ, ಈರುಳ್ಳಿ-ಬೆಳ್ಳುಳ್ಳಿ ಇಲ್ಲದ್ದು ಯಾವುದಿದೆ? ಎರಡೂ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ ವಿಷ ಹೋಗುವುದಿಲ್ಲ, ಪರಿಣಾಮ ಕಾಣುವುದು ಕೆಲವು ದಿನಗಳ ನಂತರವಾದ್ದರಿಂದ ಸಾರಿನ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. "ಇಷ್ಟು ವರ್ಷ ತಿಂದುಕೊಂಡೇ ಇತ್ತಲ್ಲ" ಎನ್ನಬಹುದು. ಮುಪ್ಪಿನಲ್ಲಿ ರಕ್ತ ಮೊದಲೇ ಕಡಿಮೆ ಇರುವ ನಾಯಿಗೆ ಅದೇ ಸಾರು ಹೆಚ್ಚಾಗುತ್ತದೆ. ಒಗ್ಗರಣೆಗೆ ಮುಂಚೆ, ಈರುಳ್ಳಿ ಹಾಕುವ ಮುಂಚೆ ಒಂದು ಸೌಟು ಬೇಳೆಕಟ್ಟು ತೆಗೆದಿಟ್ಟರೆ ಮುಗಿಯಿತು.

ರಾತ್ರಿ ಹಾಲು ಬೇಡ. ಬೆಳೆದ ನಾಯಿಗಳಲ್ಲಿ ಎಷ್ಟೋವಕ್ಕೆ ಹಾಲಿನ ಸಕ್ಕರೆ ಅರಗದೆ ಭೇದಿಯಾಗುತ್ತದೆ. ಹುಳಿಯಾಗದ ಮೊಸರು ಎರಡು ಚಮಚ ಪರವಾಗಿಲ್ಲ. ಬಿಸ್ಕತ್ತನ್ನು ಕೊನೆಯ ಊಟವೆಂದು ಲೆಕ್ಕ ಹಾಕಬೇಡಿ. ಶುಗರ್‌ಫ್ರೀ ಎಂದು ಬರೆದ ತಿಂಡಿಗಳಲ್ಲಿ ಕ್ಸೈಲಿಟಾಲ್ ಇರಬಹುದು, ಅದು ನಾಯಿಗೆ ಮಾರಕ.

ಎರಡು ಬಗೆಯ ನಾಯಿಗಳಿಗೆ ಈ ಹಂತವನ್ನು ಡಾಕ್ಟರನ್ನು ಕೇಳದೆ ಮಾಡಬಾರದು. ಒಂದು, ಇನ್ಸುಲಿನ್ ಮೇಲಿರುವುದು. ಅದರ ಊಟ ಮತ್ತು ಸೂಜಿ ಒಂದಕ್ಕೊಂದು ಹೊಂದಿಕೊಂಡಿರುತ್ತವೆ. ಇನ್ನೊಂದು, ಪ್ಯಾಂಕ್ರಿಯಾಟೈಟಿಸ್ ಆಗಿ ಗುಣವಾದದ್ದು. ಪ್ಯಾಂಕ್ರಿಯಾಟೈಟಿಸ್ ಎಂದರೆ ಜೀರ್ಣರಸ ಕೊಡುವ ಮೇದೋಜೀರಕ ಗ್ರಂಥಿ ಊದಿಕೊಳ್ಳುವುದು. ಆ ನಾಯಿಗೆ ಕೊಬ್ಬಿನ ಅಂಶ ತೀರ ಕಡಿಮೆ ಇರಬೇಕು. ಯುಗಾದಿಯ ಮರುದಿನ ವರ್ಷತೊಡಕಿಗೆ ಮಾಂಸದ ಕೊಬ್ಬು, ಸಾರಿನ ಮೇಲಿನ ಎಣ್ಣೆ, ಮೂಳೆ ಎಲ್ಲವೂ ನಾಯಿಯ ತಟ್ಟೆಗೆ ಬೀಳುತ್ತವೆ. ಅದಾದ ಎರಡು ಮೂರು ದಿನದೊಳಗೆ ವಾಂತಿ ಶುರುವಾಗಿ, ಮುಂಗಾಲು ಚಾಚಿ ಹಿಂಭಾಗ ಎತ್ತಿ ನಿಲ್ಲುತ್ತಿದ್ದರೆ ಹೊಟ್ಟೆನೋವು ಜೋರಾಗಿದೆ ಎಂದು ತಿಳಿಯಿರಿ. ಪಿತೃಪಕ್ಷದ ಎಡೆಯ ಮರುದಿನಗಳಿಗೂ ಇದೇ ಮಾತು.

ಹೊತ್ತು ಬದಲಿಸಿದ ಒಂದು ವಾರದಲ್ಲಿ ವ್ಯತ್ಯಾಸ ಕಾಣಬೇಕು. ಎರಡು ವಾರವಾದರೂ ವಾಂತಿ ಹಾಗೇ ಇದ್ದರೆ, ಅಥವಾ ನಸುಕು ಬಿಟ್ಟು ಬೇರೆ ಹೊತ್ತಿನಲ್ಲೂ ಆಗತೊಡಗಿದರೆ, ಇದು ಬರೀ ಖಾಲಿ ಹೊಟ್ಟೆಯ ಪಿತ್ತವಲ್ಲ.

6. ರಕ್ತ, ಮೂತ್ರ, ಸ್ಕ್ಯಾನ್

ವಾಂತಿ ನಿಂತರೂ ಈ ಹಂತ ಬಿಡಬೇಡಿ. ರಾತ್ರಿಯ ತುತ್ತಿನಿಂದ ವಾಂತಿ ನಿಂತಿತೆಂದು ನಿರಾಳವಾಗುವ ಮನೆಗಳಲ್ಲೇ ಕಿಡ್ನಿ ಕಾಯಿಲೆ ತಡವಾಗಿ ಪತ್ತೆಯಾಗುವುದು. ತುತ್ತು ಅದನ್ನೂ ಸ್ವಲ್ಪ ದಿನ ಮುಚ್ಚಿಡಬಲ್ಲದು.

ಕಿಡ್ನಿ ಸೋತಾಗ ಹೊರಹೋಗಬೇಕಾದ ಕಲ್ಮಶ ರಕ್ತದಲ್ಲೇ ಉಳಿದು ಮೆದುಳಿನ ವಾಂತಿ ಕೇಂದ್ರವನ್ನು ಕೆಣಕುತ್ತದೆ, ಜಠರವನ್ನೂ ಕೆರಳಿಸುತ್ತದೆ. ಇದನ್ನು ಅಳೆಯಲು ಕ್ರಿಯಾಟಿನಿನ್ ಎಂಬ ಪರೀಕ್ಷೆ ಇದೆ. ತೊಂದರೆ ಏನೆಂದರೆ, ಕಿಡ್ನಿಯ ಕೆಲಸ ಸುಮಾರು ಮುಕ್ಕಾಲು ಪಾಲು ಹೋಗುವವರೆಗೂ ಅದು ಸ್ಪಷ್ಟವಾಗಿ ಏರದೇ ಇರಬಹುದು. ಸ್ನಾಯು ಕರಗಿದ ಮುದಿ ನಾಯಿಯಲ್ಲಿ ಇದ್ದದ್ದಕ್ಕಿಂತ ಕಡಿಮೆಯೇ ತೋರಿಸುತ್ತದೆ. ಅಂತರರಾಷ್ಟ್ರೀಯ ಕಿಡ್ನಿ ತಜ್ಞರ ಐರಿಸ್ ವರ್ಗೀಕರಣದಲ್ಲಿ ನಾಯಿಗೆ ಕ್ರಿಯಾಟಿನಿನ್ ಡೆಸಿಲೀಟರಿಗೆ 1.4 ಮಿಲಿಗ್ರಾಂನಿಂದಲೇ ಕಿಡ್ನಿ ಕಾಯಿಲೆಯ ಎರಡನೇ ಹಂತ. 2.9ರಿಂದ ಮೂರನೆಯದು, 5 ದಾಟಿದರೆ ನಾಲ್ಕನೆಯದು. ಆದ್ದರಿಂದ ರಿಪೋರ್ಟಿನಲ್ಲಿ "ನಾರ್ಮಲ್" ಎಂದು ಬರೆದಿದ್ದರೂ ಅಂಕಿ ಎಷ್ಟು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಎಸ್‌ಡಿಎಂಎ ಎಂಬ ಪರೀಕ್ಷೆ ಇನ್ನೂ ಮೊದಲೇ ಸುಳಿವು ಕೊಡುತ್ತದೆ, ದೊಡ್ಡ ಲ್ಯಾಬ್‌ಗಳಿಗೆ ಕಳಿಸಿ ಮಾಡಿಸಬೇಕಾಗಬಹುದು.

ರಕ್ತಕ್ಕಿಂತ ಅಗ್ಗದ್ದು, ಜನ ಒಯ್ಯಲು ಮರೆಯುವಂಥದ್ದು ಮೂತ್ರ. ಬೆಳಗಿನ ಮೊದಲ ಮೂತ್ರವೇ ಅತಿ ಗಟ್ಟಿ, ಅದೇ ಬೇಕು. ಕಿಡ್ನಿ ನೀರನ್ನು ಉಳಿಸಿಕೊಳ್ಳುತ್ತಿದೆಯೇ ಎಂದು ಅದರ ಸಾಂದ್ರತೆ ಹೇಳುತ್ತದೆ. 1.030 ದಾಟಿದ್ದರೆ ನಾಯಿಯ ಕಿಡ್ನಿ ಮೂತ್ರವನ್ನು ಸಾಕಷ್ಟು ಗಟ್ಟಿ ಮಾಡುತ್ತಿದೆ ಎಂದರ್ಥ. ನಾಯಿ ಕಾಲೆತ್ತಿದಾಗ ಅಥವಾ ಕುಳಿತಾಗ ಸೌಟನ್ನು ಪಕ್ಕದಿಂದ ಮೆಲ್ಲಗೆ ಚಾಚಿ. ಮುಂದಿನಿಂದ ಹೋದರೆ ನಾಯಿ ನಿಲ್ಲಿಸಿಬಿಡುತ್ತದೆ. ಬಾಟಲಿಗೆ ಹಾಕಿ, ಒಂದೆರಡು ಗಂಟೆಯೊಳಗೆ ಮುಟ್ಟಿಸಲಾಗದಿದ್ದರೆ ಫ್ರಿಜ್‌ನಲ್ಲಿಡಿ. ಶಾಂಪೂ ಬಾಟಲಿ, ಉಪ್ಪಿನಕಾಯಿ ಬಾಟಲಿ ತೊಳೆದರೂ ಬೇಡ.

ಡಾಕ್ಟರ ಬಳಿ ಕೇಳಬೇಕಾದದ್ದು: ಪೂರ್ತಿ ರಕ್ತಕಣ ಎಣಿಕೆ, ಕ್ರಿಯಾಟಿನಿನ್ ಮತ್ತು ಯೂರಿಯಾ, ಲಿವರ್ ಕಿಣ್ವಗಳು, ಸಕ್ಕರೆ, ಸೋಡಿಯಂ-ಪೊಟ್ಯಾಸಿಯಂ. ಉಣ್ಣೆ ಹೆಚ್ಚಿರುವ ನಮ್ಮ ಕಡೆ ಪ್ಲೇಟ್‌ಲೆಟ್ ಕಡಿಮೆ ಬಂದರೆ ಉಣ್ಣೆ ಜ್ವರದ, ಅಂದರೆ ಎರ್ಲಿಕಿಯಾ, ಬೆಬೀಸಿಯಾಗಳ ಪರೀಕ್ಷೆಯನ್ನೂ ಸೇರಿಸಿಕೊಳ್ಳುತ್ತಾರೆ. ಜ್ವರ, ಹಸಿವಿಲ್ಲದಿರುವುದು, ವಾಂತಿ ಅದರಲ್ಲೂ ಇರುತ್ತದೆ. ಮಳೆಗಾಲದಲ್ಲಿ ಇಲಿ ಓಡಾಡುವ ಕೊಟ್ಟಿಗೆಯ ನಾಯಿಗೆ ಕಣ್ಣು ಹಳದಿಯಾದರೆ ಇಲಿಜ್ವರ ಇರಬಹುದು. ಅದು ಮನುಷ್ಯರಿಗೂ ಹರಡುತ್ತದೆ, ಮೂತ್ರ ತೊಳೆಯುವಾಗ ಕೈಗವಸು ಇರಲಿ. ಇವೆಲ್ಲ ಸರಿ ಇದ್ದೂ ವಾಂತಿ ನಿಲ್ಲದಿದ್ದರೆ ಹೊಟ್ಟೆಯ ಅಲ್ಟ್ರಾಸೌಂಡ್. ಗಡ್ಡೆ, ಕರುಳಿನ ಗೋಡೆ ದಪ್ಪವಾಗಿರುವುದು, ಪಿತ್ತಕೋಶದ ತೊಂದರೆ ಕಾಣುವುದು ಅದರಲ್ಲಿ.

ಎಲ್ಲಿ ಮಾಡಿಸುವುದು? ತಾಲ್ಲೂಕಿನ ಪಶು ಆಸ್ಪತ್ರೆಯ ಡಾಕ್ಟರು ನಾಯಿಯನ್ನೂ ನೋಡುತ್ತಾರೆ, ಮೊದಲ ಪರೀಕ್ಷೆಗೆ, ಡ್ರಿಪ್ ಹಾಕಿಸಲು ಅವರೇ ಹತ್ತಿರ. ಆದರೆ ಹಸು, ಎಮ್ಮೆ, ಕುರಿಗಳ ಕೆಲಸಕ್ಕೆ ಅವರು ಬೆಳಗ್ಗೆಯೇ ಹಳ್ಳಿಗಳಿಗೆ ಹೊರಟಿರಬಹುದು, ಫೋನ್ ಮಾಡಿಕೊಂಡು ಹೋಗಿ. 1962 ಸಂಖ್ಯೆಯ ಸಂಚಾರಿ ಪಶು ಚಿಕಿತ್ಸಾ ವಾಹನ ಮುಖ್ಯವಾಗಿ ಜಾನುವಾರುಗಳಿಗೆ ಇರುವುದು, ನಾಯಿಗೆ ಅದನ್ನೇ ನೆಚ್ಚಿಕೊಂಡು ಹೊತ್ತು ಕಳೆಯಬೇಡಿ. ಸ್ಕ್ಯಾನ್ ಮತ್ತು ತಜ್ಞರ ಅಭಿಪ್ರಾಯಕ್ಕೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಚಿಕ್ಕಬಳ್ಳಾಪುರದವರಿಗೆ ರಾಷ್ಟ್ರೀಯ ಹೆದ್ದಾರಿ 44 ಹಿಡಿದರೆ ನೇರ, ಸುಮಾರು 50 ಕಿ.ಮೀ., ಊರೊಳಗಿನ ಟ್ರಾಫಿಕ್‌ಗೆ ಸಿಕ್ಕುವ ಮುಂಚೆಯೇ ಹೆಬ್ಬಾಳ ಬರುತ್ತದೆ. ಕೋಲಾರ, ತುಮಕೂರಿನವರು ನಗರ ಸುತ್ತಬೇಕಾದ್ದರಿಂದ ಬೆಳಗ್ಗೆ ಬೇಗ ಹೊರಡುವುದು ಒಳ್ಳೆಯದು. ಹೊರಡುವ ಮೂರ್ನಾಲ್ಕು ಗಂಟೆ ಮುಂಚಿನಿಂದ ಊಟ ಬೇಡ, ಕಾರಿನ ವಾಂತಿಯೂ ಸೇರಿದರೆ ಲೆಕ್ಕ ತಪ್ಪುತ್ತದೆ. ರಕ್ತಕ್ಕೆ ಖಾಲಿ ಹೊಟ್ಟೆ ಬೇಕೆಂದು ಹೇಳಿದ್ದರೆ, ರಕ್ತ ತೆಗೆದ ಕೂಡಲೇ ಕೊಡಲು ಒಂದು ಡಬ್ಬಿ ಅನ್ನ ಜೊತೆಗಿರಲಿ.

7. ಔಷಧಿ ಬರೆದುಕೊಟ್ಟ ಮೇಲೆ

ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಜಠರದ ಆಮ್ಲ ಕಡಿಮೆ ಮಾಡುತ್ತವೆ. ಊಟಕ್ಕೆ ಅರ್ಧ ಗಂಟೆ ಮುಂಚೆ ಕೊಟ್ಟರಷ್ಟೇ ಪೂರ್ತಿ ಕೆಲಸ. ಊಟದೊಳಗೆ ಮುಚ್ಚಿ ಕೊಡುವುದು ಎಲ್ಲರೂ ಮಾಡುವ ತಪ್ಪು. ಮನುಷ್ಯರ ಅಂಗಡಿಯಲ್ಲೇ ಸಿಗುತ್ತದೆಂದು ಡೋಸ್ ನೀವೇ ಊಹಿಸಬೇಡಿ, ತಿಂಗಳುಗಟ್ಟಲೆ ಕೇಳದೆ ಮುಂದುವರಿಸಬೇಡಿ. ಒಂಡಾನ್‌ಸೆಟ್ರಾನ್, ಮ್ಯಾರೋಪಿಟೆಂಟ್ ವಾಂತಿ ನಿಲ್ಲಿಸುವಂಥವು. ಓಟೆಯೋ ಮೂಳೆಯೋ ಅಡ್ಡ ಸಿಕ್ಕಿರುವಾಗ ಬರೀ ವಾಂತಿ ನಿಲ್ಲಿಸುತ್ತಾ ಹೋದರೆ ಕಾಯಿಲೆ ಮರೆಯಾಗಿ ಕರುಳು ಕೊಳೆಯುತ್ತದೆ. ಕಾರಣ ತಿಳಿಯದೆ ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಆಗುತ್ತಿದ್ದರೆ "ಸ್ಕ್ಯಾನ್ ಮಾಡಿಸೋಣವಾ ಸಾರ್" ಎಂದು ಕೇಳಲು ಹಿಂಜರಿಯಬೇಡಿ.

ಒಮ್ಮೊಮ್ಮೆ ಮುದಿ ನಾಯಿ ಬೆಳಗ್ಗೆ ಏಳುವಾಗಲೇ ತಲೆ ವಾಲಿಸಿ, ಸುತ್ತು ಹೊಡೆದು, ಕಣ್ಣುಗುಡ್ಡೆ ಅತ್ತಿತ್ತ ಓಡಾಡಿಸುತ್ತಾ ವಾಂತಿ ಮಾಡುತ್ತದೆ. ಮನೆಯವರು ಲಕ್ವ ಹೊಡೆಯಿತು, ಇನ್ನು ಮುಗಿಯಿತು ಎಂದುಕೊಳ್ಳುತ್ತಾರೆ. ಕಿವಿಯೊಳಗಿನ ಸಮತೋಲನದ ಅಂಗಕ್ಕೆ ಆದ ತೊಂದರೆ ಅದಾಗಿರಬಹುದು. ಎಷ್ಟೋ ನಾಯಿಗಳು ಒಂದೆರಡು ವಾರದಲ್ಲಿ ಚೇತರಿಸಿಕೊಳ್ಳುತ್ತವೆ. ಡಾಕ್ಟರಿಗೆ ತೋರಿಸುವ ಮುಂಚೆ ಕೈ ಬಿಡಬೇಡಿ.

8. ಮನೆಯ ಸುತ್ತ ಒಮ್ಮೆ ನೋಡಿ

ಇಲ್ಲಿ ಬೆಂಗಳೂರು ಬ್ಲೂ, ದಿಲ್‌ಖುಷ್ ದ್ರಾಕ್ಷಿ ಬೆಳೆಯುವ ಮನೆಗಳ ನಾಯಿಗಳಿಗೆ ಉದುರಿದ ಹಣ್ಣು ಸದಾ ಕಾಲಡಿಯೇ ಸಿಗುತ್ತದೆ. ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಕಿಡ್ನಿಯನ್ನು ದಿಢೀರನೆ ಕೆಡಿಸಬಲ್ಲವು. ಎಷ್ಟು ತಿಂದರೆ ವಿಷ ಎಂಬ ಲೆಕ್ಕ ಇಲ್ಲ, ಒಂದು ಗೊಂಚಲು ತಿಂದು ಸುಮ್ಮನಿರುವ ನಾಯಿಯೂ ಉಂಟು, ನಾಲ್ಕೈದಕ್ಕೇ ಮಲಗುವುದೂ ಉಂಟು. ತಿಂದದ್ದು ಕಂಡರೆ ಲಕ್ಷಣಕ್ಕೆ ಕಾಯದೆ ಅವತ್ತೇ ಡಾಕ್ಟರ ಬಳಿ ಹೋಗಿ. ಕೊಯ್ಲಿನ ಕಾಲದಲ್ಲಿ ನಾಯಿ ತೋಟದೊಳಗೆ ಬೇಡ. ಇಲಿ ಪಾಷಾಣ, ಕೀಟನಾಶಕದ ಖಾಲಿ ಡಬ್ಬಿ, ಮದುವೆ ಮನೆಯ ತಿಪ್ಪೆ ಇವೂ ನಾಯಿಯ ಬಾಯಿಗೆ ಎಟುಕದಿರಲಿ.

ಪರೀಕ್ಷೆ ಎಲ್ಲ ಸರಿ ಬಂದು, ರಾತ್ರಿಯ ತುತ್ತಿನಿಂದ ವಾಂತಿ ನಿಂತ ನಾಯಿಗೆ ಆ ತುತ್ತು ಇನ್ನು ಜೀವನಪೂರ್ತಿ. ನಡುವೆ ಬಿಟ್ಟರೆ ನೊರೆ ಮರಳಿ ಬರುವುದೇ ಹೆಚ್ಚು. ಮನೆಯವರೆಲ್ಲ ಊರಿಗೆ ಹೋಗುವಾಗ ನಾಯಿಯನ್ನು ಯಾರ ಬಳಿ ಬಿಡುತ್ತೀರೋ ಅವರಿಗೆ ಹೊತ್ತಿನ ಸಮೇತ ಚೀಟಿ ಬರೆದುಕೊಡಿ. ತೂಕ ತಿಂಗಳಿಗೊಮ್ಮೆ, ರಕ್ತ-ಮೂತ್ರ ಆರು ತಿಂಗಳಿಗೊಮ್ಮೆ. ಊಟ ಅಷ್ಟೇ ಇದ್ದು ತೂಕ ಇಳಿಯುತ್ತಾ ಹೋದರೆ ಆರು ತಿಂಗಳು ಕಾಯದೆ, ಹಳೆಯ ರಿಪೋರ್ಟು ಮತ್ತು ನೋಟ್‌ಬುಕ್ ಎರಡನ್ನೂ ಹಿಡಿದುಕೊಂಡು ಮತ್ತೆ ಹೋಗಿ.